ನನ್ನ ಸರ್ಟಿಫಿಕೇಟಿಗೆ ನಾನೇ ಸಹಿ ಹಾಕಿಕೊಂಡೆ, ಸ್ಪೀಡು 40 ದಾಟಿತು

ನಗುವವರು ನಕ್ಕಾಯಿತು, ಈಗ ಬರೆಯುತ್ತೇನೆ. ಇತ್ತೀಚೆಗೆ ಒಂದು ಕಚೇರಿಯ ಕನ್ನಡ ಟೈಪಿಂಗ್ ಟೆಸ್ಟಿಗೆ ನಾವು ಮೂವರು ಗೆಳೆಯರು ಹೋಗಿದ್ದೆವು, ಪಾಸಾದದ್ದು ನಾನೊಬ್ಬನೇ. ಮನೆಯಲ್ಲೇ ಸರ್ಟಿಫಿಕೇಟ್ ಮಾಡಿಕೊಂಡು ಸ್ಪೀಡು ಲೆಕ್ಕ ಇಡುತ್ತೇನೆ ಅಂದಾಗ, ರಾಯಚೂರಿನ ತೀನ್ ಕಂದೀಲ್ ಹತ್ತಿರ ಚಹಾ ಕುಡಿಯುತ್ತಾ "ನಿನ್ನ ಬೆನ್ನು ನೀನೇ ತಟ್ಟಿಕೋ ಹೋಗು" ಅಂದವರೂ ಉಳಿದ ಆ ಇಬ್ಬರೇ.

ಶುರುವಿನಲ್ಲಿ ಇದು ದುಡ್ಡು ತಿನ್ನುವ ಕೆಲಸವೇ ಆಗಿತ್ತು. ಲಿಬ್ರೆಆಫೀಸಿನಲ್ಲಿ ಬಂಗಾರದ ಬಾರ್ಡರ್ ಹಾಕಿ, ದಪ್ಪ ಕಾಗದಕ್ಕೆ ಕಲರ್ ಪ್ರಿಂಟ್ ತೆಗೆಸುತ್ತಿದ್ದೆ, ಒಂದಕ್ಕೆ 20-25 ರೂಪಾಯಿ, ಮೇಲೆ ಲ್ಯಾಮಿನೇಷನ್ ಬೇರೆ. ಸ್ಪೀಡು ಒಂದು ಜಾಸ್ತಿಯಾದರೂ ಒಂದು ಸರ್ಟಿಫಿಕೇಟ್. ಆರೇಳುನೂರು ಹೋಯಿತು. ಫೈಲ್ ದಪ್ಪ ಆಯಿತು, ಸ್ಪೀಡು ಅಲ್ಲೇ ಇತ್ತು. ಪದೇ ಪದೇ ಹೊಡೆದ ಪ್ಯಾರಾದಲ್ಲಿ ನಿಮಿಷಕ್ಕೆ 33 ಪದ ಬರುತ್ತಿತ್ತು, ಹೊಸದು ಕೊಟ್ಟರೆ ಸೀದಾ 25ಕ್ಕೆ ಇಳಿಯುತ್ತಿತ್ತು.

ಇನ್ನೊಂದು ಕಾಟ ಎಣಿಕೆಯದ್ದು. ಟೈಪಿಂಗ್ ಸ್ಪೀಡಿನಲ್ಲಿ ಐದು ಸಲ ಕೀ ಒತ್ತಿದರೆ ಒಂದು ಪದ ಅಂತ ಲೆಕ್ಕ. ಆದರೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ "ಮನೆ" ಹೊಡೆಯೋಕೆ ಮೂರು ಕೀ ಸಾಕು, "ಸ್ತ್ರೀ" ಅನ್ನೋ ಒಂದೇ ಅಕ್ಷರಕ್ಕೆ ಆರು ಕೀ ಬೇಕು, ಒತ್ತಕ್ಷರ ಕೂಡಿಸೋಕೆ ಎಫ್ ಕೀ ಎರಡು ಸಲ ಒತ್ತಬೇಕಲ್ವಾ. ಕಣ್ಣಿಗೆ ಕಾಣುವ ಪದ ಎಣಿಸಿದರೆ ಮಕ್ಕಳ ಕಥೆಯಲ್ಲಿ ನೀವು ಹುಲಿ, ಸರ್ಕಾರಿ ಆದೇಶದಲ್ಲಿ ಇಲಿ. ಕೀ ಲೆಕ್ಕಕ್ಕೆ ಬಂದ ಮೇಲೆಯೇ ನನ್ನ ಸಂಖ್ಯೆಗಳು ಒಂದಕ್ಕೊಂದು ಹೊಂದಿಕೊಂಡವು.

ಆಮೇಲೆ ಬಾರ್ಡರ್ ಕಿತ್ತೆಸೆದೆ. ಹಳದಿ ಕಾರ್ಡ್, ಕಪ್ಪು ಪ್ರಿಂಟ್, ಐದು ರೂಪಾಯಿ ಒಳಗೆ. ಹತ್ತು ನಿಮಿಷ, ಹಿಂದೆ ನೋಡದ ಪ್ಯಾರಾ, ಶೇಕಡಾ 95ಕ್ಕಿಂತ ಕಡಿಮೆ ಶುದ್ಧತೆ ಇದ್ದರೆ ಸರ್ಟಿಫಿಕೇಟ್ ಇಲ್ಲ, ಅದೇ ಸ್ಪೀಡು ಮೂರು ದಿನ ಸತತ ಬರಬೇಕು. ಮುಖ್ಯ ಬದಲಾವಣೆ ಕೆಳಗಿನ ಸಾಲು: ಸ್ಪೀಡಿಗಿಂತ ದೊಡ್ಡ ಅಕ್ಷರದಲ್ಲಿ "ಕೈ ಕೊಟ್ಟ ಅಕ್ಷರ". ನನ್ನದರಲ್ಲಿ ತಿಂಗಳುಗಟ್ಟಲೆ ಶ-ಷ ಇದ್ದವು, ಆಮೇಲೆ ಣ, ಳ. ಳ ಹೊಡೆಯೋಕೆ ಒತ್ತಿದ ಶಿಫ್ಟ್ ಬಿಡೋದು ತಡವಾಗಿ "ಬಳಕೆ" ಹೋಗಿ "ಬಳಖೆ" ಆಗುತ್ತಿತ್ತು. ಆ ಅಕ್ಷರ ಸರಿಹೋಗುವವರೆಗೆ ಮುಂದಿನ ಕಾರ್ಡ್ ಪ್ರಿಂಟಿಗೆ ಹೋಗಲ್ಲ, ಸ್ಪೀಡು ಎಷ್ಟೇ ಬರಲಿ. ಇದಾದ ನಾಲ್ಕೈದು ತಿಂಗಳಿಗೆ 38, ಆಮೇಲೆ 41-42. ಅಭ್ಯಾಸದ ಪ್ಯಾರಾ ಹೇಗೆ ಆರಿಸುತ್ತೇನೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಬಂಡವಾಳ.

ನಡುವೆ ಸುಮ್ನೆ ಒಂದಿಷ್ಟು ಪ್ರಯೋಗ ಮಾಡಿದೆ. ಮೂರು ಸಾವಿರದ ಹತ್ತಿರ ಕೊಟ್ಟು ಮೆಕ್ಯಾನಿಕಲ್ ಕೀಬೋರ್ಡ್ ತಂದೆ. ಸದ್ದು ಜೋರು, ಸ್ಪೀಡು ಒಂದೂ ಏರಲಿಲ್ಲ, ಅರ್ಧ ಬೆಲೆಗೆ ಮಾರಿದೆ. ಏಪ್ರಿಲ್-ಮೇನಲ್ಲಿ ರಾಯಚೂರಿನ ಬಿಸಿಲಿಗೆ ಬೆರಳು ಬೆವತು ಜಾರುತ್ತವೆ ಅಂತ ಪೌಡರ್ ಹಚ್ಚಿದೆ, ಕೀಗಳ ಸಂದಿಯಲ್ಲೆಲ್ಲ ಕೂತಿತು. ಕೊನೆಗೆ ಬೆಳಗ್ಗೆ ಆರಕ್ಕೇ ಟೆಸ್ಟ್ ಇಟ್ಟುಕೊಂಡೆ. ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ ಇದ್ದರೂ ನಮ್ಮ ಓಣಿಯಲ್ಲಿ ಎಂಟನೇ ನಿಮಿಷಕ್ಕೇ ಕರೆಂಟ್ ಹೋಗೋದು. ಹಾಗಾಗಿ ಡೆಸ್ಕ್‌ಟಾಪ್ ಬಿಟ್ಟು ಹಳೇ ಲ್ಯಾಪ್‌ಟಾಪ್ ಹಿಡಿದೆ.

ಪ್ರತಿ ಕಾರ್ಡಿನ ಮೇಲೂ "ಸ್ವಂತ ಅಭ್ಯಾಸಕ್ಕೆ ಮಾತ್ರ" ಅಂತ ಅಚ್ಚು ಹಾಕಿಸಿದ್ದೇನೆ. ಇದನ್ನು ಅರ್ಜಿ ಜೊತೆ ಲಗತ್ತಿಸಬಹುದಾ ಅಂತ ಒಬ್ಬ ಪುಣ್ಯಾತ್ಮ ಕೇಳಿದ್ದ!

ಈಗ ಇಂಗ್ಲಿಷ್ ಹಿಡಿದಿದ್ದೇನೆ. ಕೇಂದ್ರ ಸರ್ಕಾರದ ಗುಮಾಸ್ತ ಹುದ್ದೆಗಳ ಪರೀಕ್ಷೆ ಎಸ್‌ಎಸ್‌ಸಿ ಸಿಎಚ್‌ಎಸ್‌ಎಲ್‌ಗೆ ನಿಮಿಷಕ್ಕೆ 35 ಪದ, ಅಂದರೆ ಹತ್ತು ನಿಮಿಷಕ್ಕೆ 1,750 ಕೀ. ನಾನು 27-28ರಲ್ಲಿದ್ದೇನೆ, ಕೈ ಕೊಡುತ್ತಿರುವುದು ಅಲ್ಪವಿರಾಮ. ಚಹಾ ಅಂಗಡಿಯ ಇಬ್ಬರಿಗೂ ಕಾರ್ಡಿನ ಫೈಲ್ ಕಳಿಸಿದ್ದೇನೆ, ಪ್ರಿಂಟಿನ ಖರ್ಚು ಅವರದ್ದೇ.