ದೋಣಿಯೊಳಗೆ ನೀರಿನ ಕ್ಯಾನು, ಇನ್ವರ್ನೆಸ್‌ವರೆಗೆ ಒಬ್ಬನೇ

ಐದು ದಿನ, ಹತ್ತಿರ ಹತ್ತಿರ 95 ಕಿ.ಮೀ. ಸ್ಕಾಟ್ಲೆಂಡಿನ ಬನಾವಿಯಿಂದ ಇನ್ವರ್ನೆಸ್‌ವರೆಗೆ ಸರೋವರಗಳನ್ನು ಜೋಡಿಸುವ ಕ್ಯಾಲಿಡೋನಿಯನ್ ಕಾಲುವೆಯ ದಾರಿಯಲ್ಲಿ, ಕ್ಯಾನೋ ಎನ್ನುವ ತೆರೆದ ದೋಣಿಯಲ್ಲಿ ಒಬ್ಬನೇ ಹೋದೆ. ಮೂರನೇ ಸಲಕ್ಕೆ ಕೈಗೂಡಿತು. ಮೊದಲೆರಡು ಸಲ ಕೆಟ್ಟಿದ್ದು ತೋಳಿನ ಬಲ ಸಾಲದೆ ಅಲ್ಲ, ತೂಕ ಸರಿ ಇಲ್ಲದೆ.

ಹದಿನಾರು ಅಡಿ ದೋಣಿಯಲ್ಲಿ ಒಬ್ಬನೇ ಕೂತರೆ ಮೂತಿ ಮೇಲೆ ಏಳುತ್ತದೆ, ಗೊತ್ತಲ್ವಾ. ಮೊದಲ ಸಲ ಲಾಕ್ ಲಾಕಿ ಸರೋವರದಲ್ಲಿ ಎದುರುಗಾಳಿ ಆ ಮೂತಿಯನ್ನೇ ಹಿಡಿದು ತಿರುಗಿಸಿತು. ಒಂದೂವರೆ ಗಂಟೆ ಹುಟ್ಟು ಹಾಕಿ, ತಲೆ ಎತ್ತಿ ನೋಡಿದರೆ ಹೊರಟ ಜಾಗದಲ್ಲೇ ಇದ್ದೆ. ದೋಣಿ ಬಾಡಿಗೆ, ಗ್ಲಾಸ್ಗೋದಿಂದ ಬಸ್ಸು, ರೂಮು ಎಲ್ಲ ಸೇರಿ 300 ಪೌಂಡ್ ಹತ್ತಿರ ಹೋಯಿತು. ಎರಡನೇ ಸಲ ಮುಂದೆ ಕಲ್ಲು ಹೇರಿದೆ. ದೋಣಿ ನೆಟ್ಟಗೆ ಓಡಿತು, ಆದರೆ ಒಂದು ಅಡ್ಡ ಅಲೆಗೆ ಕಲ್ಲೆಲ್ಲ ಒಂದೇ ಪಕ್ಕಕ್ಕೆ ಜಾರಿ ಮಂಡಿವರೆಗೆ ನೀರು ಬಂತು. ಕಲ್ಲು ಮತ್ತೆ ಮುಟ್ಟಲಿಲ್ಲ.

ಈ ಸಲ 20 ಲೀಟರಿನ ಎರಡು ಕ್ಯಾನು ತಂದೆ, ಎರಡಕ್ಕೂ ಸೇರಿ 25 ಪೌಂಡ್ ಕೊಟ್ಟಿರಬೇಕು. ಸರೋವರದ ನೀರನ್ನೇ ತುಂಬುವುದು. “ನೀರಿನ ಮೇಲೆ ಹೋಗೋನು ನೀರು ಹೊರ್ತೀಯಾ ಮಾರಾಯಾ?” ಅಂತ ಗೆಳೆಯರು ಕೇಳಿದರು. ಹೊರುವ ಮಾತೇ ಇಲ್ಲ. ಈ ಕಾಲುವೆಯಲ್ಲಿ 29 ಜಲಬಂಧಗಳಿವೆ, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿನ ಕಟ್ಟೆಗಳು. ಬನಾವಿಯ 8 ಜಲಬಂಧಗಳ ಮೇಲಿಂದ ಹೊರಟರೂ ಉಳಿದ ಕಡೆ ದೋಣಿಯನ್ನು ದಡದ ಮೇಲೆಯೇ ಸಾಗಿಸಬೇಕು. ಅಲ್ಲಿ ನೀರು ಚೆಲ್ಲಿದೆ, ಆಚೆ ಹೋಗಿ ಮತ್ತೆ ತುಂಬಿದೆ. ದೋಣಿ ಮಗುಚಿದರೂ ನೀರೊಳಗೆ ನೀರಿಗೆ ತೂಕವಿಲ್ಲ, ಕಲ್ಲಿನ ಹಾಗೆ ಕೆಳಗೆ ಎಳೆಯುವುದಿಲ್ಲ.

ಎದುರುಗಾಳಿಗೆ ಎರಡೂ ಮುಂದೆ, ಹಿಂಗಾಳಿಗೆ ಎರಡೂ ಬೆನ್ನ ಹಿಂದೆ. ಕೂತಲ್ಲಿಂದಲೇ ಹಗ್ಗದಲ್ಲಿ ಎಳೆದು ಸರಿಸುತ್ತೇನೆ. ಆ ಹಗ್ಗ ಕಟ್ಟುವ ರೀತಿ ಮಾತ್ರ ಸದ್ಯ ನನ್ನ ಹತ್ತಿರವೇ ಇರಲಿ.

ಫೋರ್ಟ್ ಅಗಸ್ಟಸ್‌ ಊರಿನ 5 ಜಲಬಂಧಗಳ ಇಳಿಜಾರಿನಲ್ಲಿ ತಳ್ಳುಗಾಡಿಯ ಟಯರ್ ಕಿತ್ತು ಬಂತು, ಹೊಸದಕ್ಕೆ ಆಮೇಲೆ 18 ಪೌಂಡ್ ಕೊಟ್ಟೆ. ಅಲ್ಲಿಂದ ಮುಂದೆ ಲಾಕ್ ನೆಸ್ ಸರೋವರ, ಸುಮಾರು 36 ಕಿ.ಮೀ. ನೈರುತ್ಯದ ಗಾಳಿ ಹಿಂದಿನಿಂದ ನೂಕುತ್ತಿತ್ತು, ಅಲೆ ಮಂಡಿ ಎತ್ತರ. ಕ್ಯಾನು ಹಿಂದಕ್ಕೆ ಎಳೆದ ತಕ್ಷಣ ದೋಣಿ ಅಡ್ಡ ತಿರುಗುವುದು ನಿಂತಿತು. ಒಂದೊಂದು ಅಲೆ ಹಿಂಬದಿಯನ್ನು ಎತ್ತಿ, ಸುಮ್ನೆ ಮುಂದೆ ಇಳಿಸಿ ಹೋಗುತ್ತಿತ್ತು. ಆ ಖುಷಿಗೆ ಎರಡು ವರ್ಷ ಕಾದಿದ್ದೆ. ಮಧ್ಯೆ ಟಾರ್ಪಾಲಿನ ಹಾಯಿ ಕಟ್ಟಿ ನೋಡಿದೆ. ಇಪ್ಪತ್ತು ನಿಮಿಷ ಹಾರಿದ ಹಾಗೆ ಹೋಯಿತು. ದಡದ ಅರ್ಕರ್ಟ್ (Urquhart) ಕೋಟೆಯ ಹತ್ತಿರ ಒಂದು ಬೀಸು ಗಾಳಿಗೆ ಅಂಚಿನಿಂದ ನೀರು ಒಳಗೆ ಬಂತು, ಬಿಚ್ಚಿಬಿಟ್ಟೆ. ಒಂಟಿ ದೋಣಿಗೆ ಹಾಯಿ ಬೇಡ.

ದಡಕ್ಕೆ ತರುವಾಗ ಕೈ ಹಿಡಿದಿದ್ದು ಆನೆಗೊಂದಿಯ ಹರಿಗೋಲಿನ ಪಾಠ. ಮುಂದೆ ಬಾಗಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾರಲ್ಲ, ಅದೇ. ಹೊಟ್ಟೆಗೆ ರಾಗಿ ಹುರಿಹಿಟ್ಟು, ಬೆಲ್ಲ. ಒಲೆ ಹಚ್ಚಿದ್ದು ಐದು ದಿನದಲ್ಲಿ ಎರಡೇ ಸಲ.

ಮುಂದಿನ ಮೇ ತಿಂಗಳಲ್ಲಿ ಸ್ಪೇ ನದಿ. ಹರಿಯುವ ನೀರಿಗೆ ಹತ್ತು ಲೀಟರಿನ ಕ್ಯಾನು ಸಾಕಾಗುತ್ತದಾ ನೋಡಬೇಕು.