ಆಷಾಢ ಕಳೆದ ಮೇಲೆ ಬಿಡದ ಮೌತ್‌ಪೀಸ್

ಆಷಾಢದಲ್ಲಿ ಮದುವೆಗಳಿಲ್ಲ. ಬ್ಯಾಂಡಿನವರ ಮನೆಗಳಲ್ಲಿ ಟ್ರಂಪೆಟ್‌ಗಳು ಗೋಡೆಯ ಮೊಳೆಗೆ ನೇತು ಬಿದ್ದಿರುತ್ತವೆ. ಶ್ರಾವಣದ ಮೊದಲ ಮುಹೂರ್ತಕ್ಕೆಂದು ಇಳಿಸಿದರೆ ತುಟಿಗಿಟ್ಟು ಊದುವ ಮೌತ್‌ಪೀಸ್ ಕೊಳವೆಯನ್ನು ಬಿಟ್ಟು ಬರುವುದಿಲ್ಲ. ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಮನೆಗೆ ಆ ವಾರ ಇಬ್ಬರು ಮೂವರು ಹುಡುಗರು "ಅಜ್ಜಿ, ಇದನ್ನಿಷ್ಟು ನೋಡು" ಎಂದು ಬಂದೇ ಬರುತ್ತಾರೆ. ನಾನು ಒಂದು ಸ್ವರವನ್ನೂ ಊದಿದವಳಲ್ಲ. ಊದುತ್ತಿದ್ದವರು ನಮ್ಮ ಯಜಮಾನರು. ಹಿತ್ತಾಳೆ ಕೊಡ, ತಂಬಿಗೆಗಳ ಜೊತೆ ಅವರ ಟ್ರಂಪೆಟ್ಟನ್ನೂ ತೊಳೆದು ಒರೆಸುವುದು ನನ್ನ ಪಾಲಿಗಿತ್ತು, ಅಷ್ಟೇ.

ಇಕ್ಕಳ, ಪಾನಾಗಳನ್ನು ಹೊರಗೇ ಇಟ್ಟು ಬನ್ನಿ ಎಂಬುದು ನನ್ನ ಮೊದಲ ಮಾತು. ಕೊಳವೆಯೊಳಗೆ ಕೂರುವ ಮೌತ್‌ಪೀಸಿನ ಬಾಲ ತುದಿಯತ್ತ ಸಣ್ಣಗಾಗುತ್ತ ಹೋಗುತ್ತದೆ. 20 ಮಿಲಿಮೀಟರ್ ಉದ್ದಕ್ಕೆ ಸುಮಾರು 1 ಮಿಲಿಮೀಟರಿನಷ್ಟು. ಅಂದರೆ ಅದು ಬೆಣೆ. ಟಪ್ಪೆಂದು ಸದ್ದು ಬರುತ್ತದೆಂದು ಹುಡುಗರು ಅದರ ಮೇಲೆ ಅಂಗೈಯಿಂದ ಹೊಡೆದು ಆಡುತ್ತಾರೆ, ಗುದ್ದಲಿಯ ಕಾವಿಗೆ ಬೆಣೆ ಬಡಿದ ಹಾಗಾಗುತ್ತದೆ. ಅದನ್ನು ಹಿಡಿದಿರುವ ಕೊಳವೆಯ ತಗಡೋ ಅರ್ಧ ಮಿಲಿಮೀಟರ್ ಆಸುಪಾಸು. ಒಮ್ಮೆ ಹೊಸಪೇಟೆಯ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಯಜಮಾನರು ಸೈಕಲ್ ಅಂಗಡಿಯೊಂದಕ್ಕೆ ಹೋಗಿ ಪಾನಾ ಹಾಕಿಸಿದರು. ಕೊಳವೆ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಬೆಸುಗೆ ಬಿಟ್ಟು ಕೈಗೆ ಬಂತು. ಮೌತ್‌ಪೀಸ್ ಮಾತ್ರ ಅದರೊಳಗೇ ಗಟ್ಟಿಯಾಗಿ ಕೂತಿತ್ತು!

ನನಗೆ ದಾರಿ ತೋರಿಸಿದ್ದು ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳು. ಒಳಗಿನದಕ್ಕೆ ಐಸ್, ಹೊರಗಿನದಕ್ಕೆ ಬಿಸಿನೀರು. ಲೋಟ ತಾನೇ ಬಿಡುತ್ತದೆ. ಇಲ್ಲಿಯೂ ಅದೇ ಲೆಕ್ಕ. ಆದರೆ ಮೌತ್‌ಪೀಸೂ ಹಿತ್ತಾಳೆ, ಕೊಳವೆಯೂ ಹಿತ್ತಾಳೆ. ಎರಡನ್ನೂ ಕಾಯಿಸಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಬಿಡುವುದು ಯಾವುದು? ಮೊದಲು ಐಸ್ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಮೌತ್‌ಪೀಸಿನ ಬಟ್ಟಲಿಗೆ ಹೊರಗಿನಿಂದ ಸುತ್ತಿ ಐದು ನಿಮಿಷ ಹಿಡಿಯಿರಿ. ಐಸನ್ನು ಬಟ್ಟಲಿನ ಒಳಗೆ ತುಂಬಬೇಡಿ. ಕರಗಿದ ನೀರು ಒಳಗಿಳಿದು ಕೊಳವೆಯನ್ನೂ ತಣ್ಣಗಾಗಿಸುತ್ತದೆ. ಆಮೇಲೆ ಕೊಳವೆಯ ಬಾಯಿಗೆ ಹತ್ತಿಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಚೆನ್ನಾಗಿ ಬಿಸಿಯಾದ ನೀರನ್ನು ಸೌಟಿನಿಂದ ಹನಿಸಿ. ಹತ್ತು ಎಣಿಸುವುದರೊಳಗೆ ಬಿಡಿಸಬೇಕು, ಹಿತ್ತಾಳೆಯಲ್ಲಿ ಶಾಖ ಬೇಗ ಹರಿಯುತ್ತದೆ. ಇಷ್ಟೆಲ್ಲ ಮಾಡಿದರೂ ಸಿಗುವ ಸಂದು ಕೂದಲೆಳೆಗಿಂತ ಕಿರಿದು. ಬೆಣೆಗೆ ಅಷ್ಟು ಸಾಕು. ಗ್ಯಾಸ್ ಒಲೆಯ ಉರಿಗೆ ಮಾತ್ರ ಹಿಡಿಯಬೇಡಿ. ಸೀಸ, ತವರದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಕುದಿಯುವ ನೀರು 100 ದಾಟುವುದಿಲ್ಲ, ಉರಿಗೆ ಅಂಥ ಮಿತಿ ಇಲ್ಲ.

ಹಿಡಿಯುವ ಜಾಗವೂ ಮುಖ್ಯ. ಹುಡುಗರು ವಾದ್ಯದ ಹೊಟ್ಟೆಯನ್ನು ತಬ್ಬಿಕೊಂಡು ಮೌತ್‌ಪೀಸನ್ನು ತಿರುಗಿಸುತ್ತಾರೆ, ಬಲವೆಲ್ಲ ನಡುವಿನ ಬೆಸುಗೆಗಳ ಮೇಲೆ ಬೀಳುತ್ತದೆ. ಎಡಗೈಯಲ್ಲಿ ಕೊಳವೆಯ ಬಾಯನ್ನೇ ಹಿಡಿಯಿರಿ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಮೌತ್‌ಪೀಸಿಗೆ ಸುತ್ತಿ, ಕೂದಲಷ್ಟು ಆ ಕಡೆ, ಕೂದಲಷ್ಟು ಈ ಕಡೆ ತಿರುಗಿಸುತ್ತ ನೇರವಾಗಿ ಎಳೆಯಿರಿ.

ಒಂದು ರಾತ್ರಿಯ ಸಮಯ ಇದೆ ಎಂದಾದರೆ ಎಣ್ಣೆಯೇ ಮೇಲು. ವಾದ್ಯವನ್ನು ಮೌತ್‌ಪೀಸ್ ಮೇಲ್ಮುಖವಾಗುವಂತೆ ಹಿಡಿದು, ಸೇರುವ ಜಾಗಕ್ಕೆ ಮೂರು ನಾಲ್ಕು ಹನಿ ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ಎಣ್ಣೆಯನ್ನೋ ಬಿಡಿ, ಒಲೆಯಿಂದ ದೂರದಲ್ಲಿ. ಮರದ ಸೌಟಿನ ಹಿಡಿಯಿಂದ ಕೊಳವೆಯ ಬಾಯಿಯ ಸುತ್ತ ಮೆಲ್ಲಗೆ ತಟ್ಟಿ, ಕೂಸಿನ ಬೆನ್ನು ತಟ್ಟುವಷ್ಟು. ಬೆಳಿಗ್ಗೆ ಮತ್ತೆ ತಟ್ಟಿ ನೋಡಿ. ಬಿಟ್ಟು ಬಂದ ಮೇಲೆ ಸಾಬೂನಿನಲ್ಲಿ ಚೆನ್ನಾಗಿ ತೊಳೆಯದೆ ತುಟಿಗೆ ಇಡಬೇಡಿ. ಕೊಬ್ಬರಿ ಎಣ್ಣೆಯ ಆಸೆ ಬಿಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಪುಷ್ಯ ಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದ ಹುಡುಗನೊಬ್ಬ ಬೆರಳಿನಿಂದ ಒತ್ತುವ ವಾಲ್ವ್‌ಗಳಿಗೆ ಅದನ್ನೇ ಹಾಕಿ, ಬೆಳಗಿನ ಚಳಿಯಲ್ಲಿ ಒಂದೂ ಕೆಳಗಿಳಿಯದೆ ಬೆಪ್ಪಾಗಿ ನಿಂತಿದ್ದನಂತೆ.

ಶ್ರುತಿ ಹೊಂದಿಸಲು ಎಳೆಯುವ ಬಾಗಿದ ಕೊಳವೆ, ಅಂದರೆ ಟ್ಯೂನಿಂಗ್ ಸ್ಲೈಡ್, ಸಿಕ್ಕಿಕೊಂಡಿದ್ದರೂ ಇದೇ ಎಣ್ಣೆ, ಇದೇ ತಾಳ್ಮೆ. ಅದರ ಬಾಗಿನೊಳಗೆ ಹಳೆಯ ಟವೆಲ್ ತೂರಿಸಿ ನೇರವಾಗಿ ಸಣ್ಣ ಸಣ್ಣ ಜಗ್ಗು ಕೊಡಿ. ವಾಲ್ವ್‌ಗಳಿಗೆ ಅಂಟಿಕೊಂಡ ಚಿಕ್ಕ ಸ್ಲೈಡ್‌ಗಳನ್ನು ಎಳೆಯುವಾಗ ಆಯಾ ವಾಲ್ವನ್ನು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಒಳಗಿನ ಗಾಳಿಯೇ ಹಿಂದಕ್ಕೆ ಜಗ್ಗುತ್ತದೆ.

ಎರಡು ಸಲ ಮಾಡಿದರೂ ಮೌತ್‌ಪೀಸ್ ಅಲುಗದಿದ್ದರೆ ನಾನು ಕೈಬಿಡುತ್ತೇನೆ. ವಾದ್ಯ ರಿಪೇರಿಯವರ ಬಳಿ ತಿರುಪಿನ ಪುಲ್ಲರ್ ಇರುತ್ತದೆ, ಗ್ಯಾರೇಜಿನಲ್ಲಿ ಬೇರಿಂಗ್ ಕೀಳುವ ಸಾಧನದ ತಮ್ಮ ಎನ್ನಿ. ಅದು ತಿರುಚದೆ ನೇರವಾಗಿ ಎಳೆಯುತ್ತದೆ, ಎರಡು ನಿಮಿಷದ ಕೆಲಸ. ಹೊರಬಂದ ಬಾಲದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲೋ ಬಿದ್ದು ತುದಿ ಚಪ್ಪಟೆಯಾಗಿದ್ದರೆ ನಾಳೆಯೂ ಸಿಕ್ಕಿಕೊಳ್ಳುತ್ತದೆ. ಅರದಿಂದ ಉಜ್ಜದೆ ಅವರಿಂದಲೇ ದುಂಡಗೆ ಮಾಡಿಸಿಕೊಳ್ಳಿ. ಕಿಲುಬಿದೆಯೆಂದು ಕೊಳವೆಯೊಳಗೆ ಹುಣಸೆಹಣ್ಣಿನ ನೀರು ಬಿಟ್ಟು ನೆನೆಹಾಕಬೇಡಿ. ಅದು ದಪ್ಪ ಕೊಡಕ್ಕೆ ಸರಿ, ಈ ತೆಳು ತಗಡಿಗಲ್ಲ. ಉಗುರುಬೆಚ್ಚಗಿನ ಸಾಬೂನು ನೀರು ಹಾಕಿ, ಒಣಗಿಸಿ.

ಮುಂದಿನ ಆಷಾಢಕ್ಕೆ ವಾದ್ಯವನ್ನು ಮೊಳೆಗೆ ಹಾಕುವ ಮುಂಚೆ ಮೌತ್‌ಪೀಸನ್ನು ಬಿಚ್ಚಿ, ಹಳೆಯ ಕಾಲುಚೀಲದಲ್ಲಿ ಹಾಕಿ ಬೇರೆ ಇಡಿ. ನಮ್ಮ ಮನೆಯಲ್ಲಿ ಅದು ಈಗಲೂ ಮಸಾಲೆ ಡಬ್ಬಿಯ ಪಕ್ಕದಲ್ಲೇ ಇದೆ.