ಕೈಕೆಳಗಿನವರಿಗೆ ನ್ಯಾಯ: ನನ್ನ ಅನುಭವ

ಮರಗೆಲಸದ ಪುಟ್ಟ ಕಾರ್ಖಾನೆ ನಡೆಸುವ ನನಗೆ ಆಧಾರವಾಗಿ ನಿಂತದ್ದು ಬೈಬಲಿನ ಒಂದು ವಚನ, ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಅಪೊಸ್ತಲ ಪೌಲನು ಬರೆದ ಪತ್ರಿಕೆಯ (ಪತ್ರದ) 4:1. ಕೈಕೆಳಗಿನವರಿಗೆ ನ್ಯಾಯವಾದದ್ದನ್ನು ಕೊಡಿ, ಪರಲೋಕದಲ್ಲಿ ನಿಮಗೂ ಒಬ್ಬ ಯಜಮಾನನಿದ್ದಾನೆ ಎಂದು ಪೌಲನು ಯಜಮಾನರಿಗೆ ನೆನಪಿಸುತ್ತಾನೆ. ಕೆಲಸದ ಲೆಕ್ಕ ಕೇಳುವ ನಾನೂ ಲೆಕ್ಕ ಒಪ್ಪಿಸಬೇಕಾದವನೇ.

ಮೊದಲು ಗಟ್ಟಿ ಮಾಡಿಕೊಂಡದ್ದು ಸಂಬಳದ ದಿನ. ಕೂಲಿಯವನು ಬಡವ, ಆ ಹಣವನ್ನೇ ನಂಬಿರುತ್ತಾನೆ, ಹೊತ್ತು ಮುಳುಗುವುದರೊಳಗೆ ಕೊಡಬೇಕು ಎಂಬ ಅಪ್ಪಣೆ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿದೆ; ಪರದೇಶದಿಂದ ಬಂದವನಿಗೂ ಅದೇ ನಿಯಮ. ಹಾಗಾಗಿ ಗಿರಾಕಿಯ ದುಡ್ಡು ಬಂದ ಕೂಡಲೇ ಸಂಬಳದ ಪಾಲನ್ನು ಬೇರೆ ಖಾತೆಗೆ ಹಾಕಿಬಿಡುತ್ತೇನೆ. ಬಾಕಿ ವಸೂಲಾಗಿಲ್ಲ ಎಂದು ಕೆಲಸದವರ ಮುಂದೆ ಹೇಳಿದರೆ ಅದು ನ್ಯಾಯವಲ್ಲ. ಲಾಭ ನನ್ನದಾದ ಮೇಲೆ ಅಪಾಯವೂ ನನ್ನದೇ. ಹೆಚ್ಚು ಹೊತ್ತು ದುಡಿದದ್ದನ್ನು ಅಂದೇ ಹಾಜರಿ ಪುಸ್ತಕದಲ್ಲಿ ಬರೆಸುತ್ತೇನೆ, ಪುಸ್ತಕ ಎಲ್ಲರ ಕೈಗೂ ಸಿಗುವಂತೆ ಇರುತ್ತದೆ. ತಡೆಹಿಡಿದ ಕೂಲಿಯೇ ಕೂಗುತ್ತದೆ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದದ್ದು ನನ್ನನ್ನು ಈಗಲೂ ನಡುಗಿಸುತ್ತದೆ.

ದೂರು ಕೇಳುವುದು ಇದಕ್ಕಿಂತ ಕಷ್ಟ. ಮರ ಉಜ್ಜುವ ಧೂಳಿನ ಕೆಲಸವನ್ನು ಮೇಸ್ತ್ರಿ ಯಾವಾಗಲೂ ತಮ್ಮಿಬ್ಬರಿಗೇ ಹೊರಿಸುತ್ತಾರೆ ಎಂದು ಹೊಸ ಹುಡುಗರು ನನ್ನ ಬಳಿ ಬಂದರು. ಮೇಸ್ತ್ರಿ ಹಳಬರು, ಅವರಿಲ್ಲದೆ ನನ್ನ ಕೆಲಸ ಸಾಗದು. ಆದರೂ ತನ್ನ ದಾಸದಾಸಿಯರ ವ್ಯಾಜ್ಯವನ್ನು ತಳ್ಳಿಹಾಕಿದ್ದರೆ ದೇವರಿಗೆ ಏನು ಉತ್ತರ ಕೊಡಲಿ ಎಂದು ಬೈಬಲಿನ ಯೋಬನು ತನ್ನ ಹೆಸರಿನ ಪುಸ್ತಕದಲ್ಲಿ ಕೇಳಿಕೊಳ್ಳುತ್ತಾನಲ್ಲ (31:13-15), ತನ್ನನ್ನೂ ಅವರನ್ನೂ ಗರ್ಭದಲ್ಲಿ ರೂಪಿಸಿದವನು ಒಬ್ಬನೇ ಎಂದು! ಹುಡುಗರ ಮಾತನ್ನೂ ಮೇಸ್ತ್ರಿಯ ಮಾತನ್ನೂ ಬೇರೆಬೇರೆಯಾಗಿ ಕೇಳಿದೆ, ಯಾರು ಯಾವ ಕೆಲಸಕ್ಕೆ ಹೋಗಿದ್ದರೆಂದು ಪುಸ್ತಕ ನೋಡಿದೆ. ಹುಡುಗರು ಹೇಳಿದ್ದು ನಿಜವಾಗಿತ್ತು. ಉಜ್ಜುವ ಕೆಲಸ ಸರದಿಯ ಮೇಲೆ ಎಂದಾಯಿತು, ಎಲ್ಲರಿಗೂ ಒಳ್ಳೆಯ ಮಾಸ್ಕ್ ಬಂತು. ಮೇಸ್ತ್ರಿ ಕೆಲವು ದಿನ ಮುಖ ಬಿಗಿದುಕೊಂಡಿದ್ದರು. ಅವರ ಗೌರವಕ್ಕೆ ಕುಂದು ಬರಬಾರದೆಂದು ಹುಡುಗರ ಎದುರು ಒಂದು ಮಾತೂ ಆಡಲಿಲ್ಲ, ಸರದಿ ಪಟ್ಟಿಯನ್ನು ಅವರ ಕೈಯಲ್ಲೇ ಬರೆಸಿದೆ.

ಬೆದರಿಸುವುದನ್ನು ಬಿಡಿ, ದೇವರಲ್ಲಿ ಪಕ್ಷಪಾತವಿಲ್ಲ ಎಂದು ಎಫೆಸದವರಿಗೆ ಬರೆದ ಪತ್ರಿಕೆಯ 6:9 ಯಜಮಾನರಿಗೆ ಹೇಳುತ್ತದೆ. ಕೆಲಸದಿಂದ ತೆಗೆಯುವ ಮಾತನ್ನು ಸಿಟ್ಟಿನಲ್ಲಿ ಆಡುವುದಿಲ್ಲ. ಬೆಳಗಿನ ನನ್ನ ಪ್ರಾರ್ಥನೆಗೆ ಯಾರನ್ನೂ ಕರೆಸುವುದಿಲ್ಲ. ಸಂಬಳ ಕೊಡುವ ಕೈ ಕರೆದರೆ ಬೇಡವೆನ್ನುವುದು ಅವರಿಗೆ ಸುಲಭವಲ್ಲ. ಬೇರೆ ನಂಬಿಕೆಯವರಿಗೆ ಅವರ ಹಬ್ಬದ ದಿನವೇ ರಜೆ, ಸಂಬಳ ಹಿಡಿಯದೆ.